ಹವಳದ ಸರ, ಹವಳದ ದಿಬ್ಬ ಮತ್ತು ದೂರದವರ ಹೊಣೆ

ಪ್ರಾಚೀನ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದಿಕವಿ ಪಂಪನು ತನ್ನ ಕಾವ್ಯಭಾಷೆಗೆ ಆಧಾರವೆಂದು ಹೇಳಿಕೊಂಡ ತಿರುಳ್ಗನ್ನಡದ ನಾಡಿದು. ಇಲ್ಲಿಯ ಶಂಖಬಸದಿಯು ಇಪ್ಪತ್ತೆರಡನೆಯ ತೀರ್ಥಂಕರನಾದ ಭಗವಾನ್ ನೇಮಿನಾಥನಿಗೆ ಸಂಬಂಧಿಸಿದ್ದು. ನೇಮಿನಾಥನ ಲಾಂಛನವು ಶಂಖ. ನಮ್ಮ ಬಾಳೆಹೊಸೂರಿನಿಂದ ಬಸದಿಯ ದರ್ಶನಕ್ಕೆಂದು ಹೋದಾಗಲೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತಿತ್ತು. ಜೋಳ, ಹತ್ತಿ, ಶೇಂಗಾ ಬೆಳೆಯುವ ಈ ಎರೆಭೂಮಿಗೆ ಸಮುದ್ರವು ಘಟ್ಟದ ಆಚೆಯ ಮಾತು. ಆದರೂ ನಮ್ಮ ಹಿರಿಯರು ಕಡಲಿನ ಒಂದು ಸಣ್ಣ ಪ್ರಾಣಿಯ ಚಿಪ್ಪನ್ನು ಇಲ್ಲಿಯ ಬಸದಿಯ ಹೆಸರಾಗಿಸಿ ಸಾವಿರ ವರ್ಷಗಳಿಂದ ನೆನೆಯುತ್ತ ಬಂದಿದ್ದಾರೆ. ಕಡಲನ್ನೇ ಕಾಣದ ಜನರಿಗೂ ಕಡಲಿನ ಜೀವಗಳಿಗೂ ಸಂಬಂಧವುಂಟೆ? ಉಂಟಾದರೆ ಆ ಸಂಬಂಧದಲ್ಲಿ ಹೊಣೆಯೂ ಇದೆಯೆ? ಹವಳದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆಯೊಳಗಿನ ಎರಡು ಹವಳ

ಈ ವಿಚಾರಕ್ಕೆ ಪ್ರೇರಣೆಯಾದುದು ಒಂದು ಗೃಹಕೃತ್ಯ. ಮೊಮ್ಮಗಳ ವಿವಾಹದ ಸಿದ್ಧತೆಯಲ್ಲಿ ನನ್ನ ತಾಯಿಯವರ ಹವಳದ ಸರವನ್ನು ಪೆಟ್ಟಿಗೆಯಿಂದ ಹೊರತೆಗೆದೆವು. ದಾರ ಜೀರ್ಣವಾಗಿ ಕೆಲವು ಮಣಿಗಳು ಕಳೆದುಹೋಗಿದ್ದವು. ಅಕ್ಕಸಾಲಿಗರು ಹೊಸ ಹವಳ ತರಿಸಿ ಪೂರ್ಣಗೊಳಿಸಿ ಕೊಡುವುದಾಗಿ ಹೇಳಿದರು. ಅದೇ ದಿನ ಗಾಜಿನ ಕಪಾಟಿನಲ್ಲಿದ್ದ ಬಿಳಿಯ ಕಲ್ಲೊಂದು ಮೊಮ್ಮಗಳ ಕಣ್ಣಿಗೆ ಬಿದ್ದಿತು. ಬಹಳ ವರ್ಷಗಳ ಹಿಂದೆ ದಕ್ಷಿಣದ ಯಾತ್ರೆಗೆ ಹೋದಾಗ ರಾಮೇಶ್ವರದ ಕಡಲತೀರದ ಅಂಗಡಿಯೊಂದರಲ್ಲಿ ನಾನೇ ಕೊಂಡು ತಂದುದು ಅದು. ಜೇನುಹುಟ್ಟಿನಂತೆ ಸಣ್ಣ ಸಣ್ಣ ರಂಧ್ರಗಳಿದ್ದ ಅದನ್ನು ಬಂದವರಿಗೆಲ್ಲ ಸಮುದ್ರದ ಕಲ್ಲೆಂದು ತೋರಿಸುತ್ತಿದ್ದೆ. ಜೀವಶಾಸ್ತ್ರವನ್ನು ಓದಿದ ಮೊಮ್ಮಗಳು ಅದನ್ನು ಕೈಯಲ್ಲಿ ಹಿಡಿದು, "ಅಜ್ಜಾ, ಇದು ಕಲ್ಲಲ್ಲ, ಎಲುಬು. ಈ ಒಂದೊಂದು ತೂತಿನೊಳಗೂ ಒಂದೊಂದು ಜೀವ ಇತ್ತು" ಎಂದಳು.

ಸೂರ್ಯಾಸ್ತದ ನಂತರ ಊಟ ಮಾಡದ, ನೀರನ್ನು ಸೋಸದೆ ಕುಡಿಯದ ಮನೆ ನಮ್ಮದು. ಅಂಥ ಮನೆಯ ಕಪಾಟಿನಲ್ಲಿ ಸಾವಿರಾರು ಜೀವಗಳ ಕಳೇಬರವನ್ನು ನಾನು ಅಲಂಕಾರಕ್ಕೆಂದು ಇಟ್ಟಿದ್ದೆ. ಅಜ್ಞಾನದಿಂದ ಆದುದು ನಿಜ. ಆದರೆ ಅಜ್ಞಾನವೆಂಬ ಕಾರಣಕ್ಕೆ ಆದುದು ಆಗಲಿಲ್ಲವೆಂದು ಹೇಳಲಾಗದು.

ಹವಳ ಜೀವವೆಂಬ ಅರಿವು

ಹವಳವು ಕಲ್ಲೋ, ಗಿಡವೋ, ಪ್ರಾಣಿಯೋ ಎಂಬ ಜಿಜ್ಞಾಸೆಗೆ ದೀರ್ಘ ಇತಿಹಾಸವಿದೆ. ಜೈನಾಗಮಗಳಲ್ಲಿ, ಉತ್ತರಾಧ್ಯಯನ ಸೂತ್ರದ ಕೊನೆಯ ಅಧ್ಯಾಯದಲ್ಲಿ, ಪೃಥ್ವೀಕಾಯಿಕ ಜೀವಗಳನ್ನು ಎಣಿಸುವಾಗ ಹರಿತಾಳ, ಇಂಗಲೀಕ, ಅಭ್ರಕಗಳ ಜೊತೆಯಲ್ಲಿ ಪ್ರವಾಳವನ್ನೂ ಹೆಸರಿಸಲಾಗಿದೆ. ಪ್ರವಾಳವೆಂದರೆ ಹವಳ. ಶಂಖವನ್ನು ಎರಡು ಇಂದ್ರಿಯಗಳುಳ್ಳ ಜೀವಗಳಲ್ಲಿ ಸೇರಿಸಿದ ಶಾಸ್ತ್ರಕಾರರು ಹವಳವನ್ನು ಏಕೇಂದ್ರಿಯ ಜೀವವೆಂದು ಕಂಡರು. ಇಂದಿನ ವಿಜ್ಞಾನವು ಹವಳವನ್ನು ಪ್ರಾಣಿವರ್ಗಕ್ಕೆ ಸೇರಿಸುತ್ತದೆ. ಆದ್ದರಿಂದ ಎರಡೂ ವರ್ಗೀಕರಣಗಳು ಒಂದೇ ಎಂದು ಹೇಳುವುದು ಪ್ರಾಮಾಣಿಕವಾಗಲಾರದು. ಆದರೆ ಜಗತ್ತಿನ ಇತರರು ಹವಳವನ್ನು ಬರಿಯ ರತ್ನವೆಂದು ತೂಗುತ್ತಿದ್ದ ಕಾಲದಲ್ಲಿಯೇ ಅದರಲ್ಲಿ ಜೀವವಿದೆಯೆಂದು, ಅದನ್ನು ಮುಟ್ಟುವಾಗ ಎಚ್ಚರವಿರಬೇಕೆಂದು ಒಂದು ಪರಂಪರೆಯು ಬರೆದಿಟ್ಟಿತ್ತೆಂಬುದು ಗಮನಾರ್ಹ.

ರತ್ನವಾಗಿ ಹವಳದ ವ್ಯಾಪಾರವು ಅತಿ ಪ್ರಾಚೀನ. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು, ತಮ್ಮವರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳ ಅಷ್ಟೇ ಪ್ರಿಯವೆಂಬ ಅಭಿಪ್ರಾಯವನ್ನು ದಾಖಲಿಸಿದ್ದಾನೆ. ಅದೇ ಕಾಲದ ಪೆರಿಪ್ಲಸ್ ಎಂಬ ನೌಕಾಯಾನದ ಗ್ರಂಥದಲ್ಲಿ ಭರುಕಚ್ಛ, ಮುಜಿರಿಸ್ ಮೊದಲಾದ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವೂ ಸೇರಿದೆ. ಕನ್ನಡ ನಾಡಿನ ಪ್ರಸಿದ್ಧ ವರ್ತಕಸಂಘವಾದ ಅಯ್ಯಾವೊಳೆ ಐನೂರ್ವರನ್ನು ಹೊಗಳುವ, ಶಿಕಾರಿಪುರ ತಾಲ್ಲೂಕಿನ ಹನ್ನೊಂದನೆಯ ಶತಮಾನದ ಶಾಸನವೊಂದು ಅವರು ಹೊತ್ತು ಮಾರುತ್ತಿದ್ದ ನೀಲ, ಮುತ್ತು, ಮಾಣಿಕ್ಯ, ವಜ್ರಗಳ ಸಾಲಿನಲ್ಲಿ ಹವಳವನ್ನು ಹೇಳುತ್ತದೆ. ಈ ಕೆಂಪು ಹವಳದ ಮುಖ್ಯ ಮೂಲವು ಮೆಡಿಟರೇನಿಯನ್ ಸಮುದ್ರ. ಅಂದಮೇಲೆ ಸಮುದ್ರವನ್ನೇ ಕಾಣದ ಪುಲಿಗೆರೆ ನಾಡಿನ ಹೆಣ್ಣುಮಕ್ಕಳ ಕೊರಳಿಗೂ ಆ ದೂರದ ಸಾಗರದ ತಳಕ್ಕೂ ಎರಡು ಸಾವಿರ ವರ್ಷಗಳ ನಂಟು ಇದೆಯೆಂದಾಯಿತು.

ಆ ನಂಟಿನ ಇನ್ನೊಂದು ತುದಿಯಲ್ಲಿ ನಡೆಯುತ್ತಿದ್ದುದೇನು? ಶತಮಾನಗಳ ಕಾಲ ಮೆಡಿಟರೇನಿಯನ್ನಿನಲ್ಲಿ ಮರದ ಭಾರಿ ಶಿಲುಬೆಗೆ ಬಲೆಗಳನ್ನು ಕಟ್ಟಿ ಕಡಲತಳದ ಬಂಡೆಗಳ ಮೇಲೆ ಎಳೆಯುತ್ತಿದ್ದರು. ಬಲೆಗೆ ಸಿಕ್ಕುತ್ತಿದ್ದುದು ಸ್ವಲ್ಪ. ಮುರಿದು ನಾಶವಾಗುತ್ತಿದ್ದುದು ಬಹಳ. ಈ ಕೆಂಪು ಹವಳದ ಕಾಂಡವು ಒಂದು ವರ್ಷದಲ್ಲಿ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಯುರೋಪಿನ ರಾಷ್ಟ್ರಗಳ ಒಕ್ಕೂಟವು ಈ ಸಾಧನವನ್ನು ನಿಷೇಧಿಸಿದುದು 1994ರಲ್ಲಿ. ನನ್ನ ತಾಯಿಯವರ ಸರದ ಮಣಿಗಳು ಅದಕ್ಕೂ ಹಿಂದಿನವು. ಅವು ಹೇಗೆ ಬಂದವೆಂದು ಕೇಳಲು ಈಗ ಯಾರೂ ಇಲ್ಲ.

ಪಾಶ್ಚಾತ್ಯ ವಿಜ್ಞಾನದಲ್ಲಿ ಹವಳವು ಪ್ರಾಣಿಯೆಂಬ ಸತ್ಯವು ಸುಲಭವಾಗಿ ನೆಲೆಗೊಳ್ಳಲಿಲ್ಲ. ಅದನ್ನು ಗಿಡವೆಂದೂ, ಅದರ ತುದಿಯಲ್ಲಿ ಅರಳುವುದು ಹೂವೆಂದೂ ವಿದ್ವಾಂಸರು ನಂಬಿದ್ದರು. 1720ರ ದಶಕದಲ್ಲಿ ಮಾರ್ಸೇಲ್ಸ್ ನಗರದ ವೈದ್ಯ ಪೇಸೊನೆಲ್ ಎಂಬಾತನು ಸಮುದ್ರದ ನೀರಿನಲ್ಲಿಟ್ಟು ನೋಡಿ, ಹೂವೆಂದು ಭಾವಿಸಿದ್ದುದು ವಾಸ್ತವವಾಗಿ ಒಂದು ಕಿರುಪ್ರಾಣಿಯೆಂದು ಕಂಡುಕೊಂಡನು. ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಇದನ್ನು ಓದಿದ ರೊಮ್ಯೂರ್ ಎಂಬ ಪಂಡಿತನು, ಪಾಪ, ಈ ವೈದ್ಯನು ನಗೆಗೀಡಾಗದಿರಲೆಂದು ಆತನ ಹೆಸರನ್ನೇ ಹೇಳಲಿಲ್ಲವಂತೆ. ಕೆಲವು ದಶಕಗಳ ಬಳಿಕ ವಿದ್ವಲ್ಲೋಕವು ಪೇಸೊನೆಲ್ಲನ ಮಾತನ್ನು ಒಪ್ಪಿತು. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಹವಳದ ದಿಬ್ಬಗಳ ರಚನೆಯ ಬಗ್ಗೆ ಗ್ರಂಥವನ್ನು ಪ್ರಕಟಿಸಿ, ಕಡಲಲ್ಲಿ ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳವು ಮೇಲಕ್ಕೆ ಬೆಳೆಯುತ್ತ ಹೋಗಿ ಉಂಗುರದಾಕಾರದ ದ್ವೀಪವಾಗುವ ಬಗೆಯನ್ನು ವಿವರಿಸಿದನು.

ಈಗ ತಿಳಿದಿರುವಂತೆ, ದಿಬ್ಬ ಕಟ್ಟುವ ಹವಳವು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ವಸಾಹತು. ಪ್ರತಿಯೊಂದು ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯು ವಾಸಿಸುತ್ತದೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಹವಳಕ್ಕೆ ಕೊಡುತ್ತದೆ; ಹವಳವು ಪಾಚಿಗೆ ನೆಲೆಯನ್ನೂ ಪೋಷಕಾಂಶಗಳನ್ನೂ ಕೊಡುತ್ತದೆ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಸಮುದ್ರತಳದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಶ್ರಯವಾಗಿವೆ.

ಆದರೆ ಈ ಬಾಂಧವ್ಯವು ಬಹು ಸೂಕ್ಷ್ಮವಾದುದು. ನೀರಿನ ಬಿಸಿಯು ಆ ಸ್ಥಳದ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿ ಕೆಲವು ವಾರಗಳ ಕಾಲ ಹಾಗೆಯೇ ನಿಂತರೆ ಸಾಕು, ಹವಳವು ಪಾಚಿಯನ್ನು ಹೊರದೂಡುತ್ತದೆ. ಬಣ್ಣವೆಲ್ಲ ಹೋಗಿ ಒಳಗಿನ ಬಿಳಿಯ ಸುಣ್ಣದ ಹಂದರವು ಕಾಣಿಸುತ್ತದೆ. ಬಿಸಿಯು ಬೇಗ ಇಳಿದರೆ ಚೇತರಿಕೆಯುಂಟು. ಇಳಿಯದಿದ್ದರೆ ಉಪವಾಸದಿಂದ ಮರಣ. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದವನ್ನು ಕೇಳಿ ನೇಮಿನಾಥನು ರಥವನ್ನು ಹಿಂದಿರುಗಿಸಿದನೆಂಬ ವೃತ್ತಾಂತವನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಹವಳಕ್ಕೆ ಕೂಗುವ ಬಾಯಿಲ್ಲ. ಅದು ಬಿಳಿಚಿಕೊಳ್ಳುವುದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕು.

ಕನ್ನಡ ಕಡಲಿನ ಹವಳ

ಹವಳದ ದಿಬ್ಬವೆಂದರೆ ಆಸ್ಟ್ರೇಲಿಯದ ವಿಷಯವೆಂದು ಭಾವಿಸುವವರಿಗೆ ನಮ್ಮದೇ ರಾಜ್ಯದ ನೇತ್ರಾಣಿಯನ್ನು ನೆನಪಿಸಬೇಕು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ಕಡಿದಾದ ಬಂಡೆಗಳ ಈ ದ್ವೀಪವಿದೆ. ಪಾರಿವಾಳಗಳಿರುವುದರಿಂದ ಆಂಗ್ಲರು ಇದನ್ನು ಪಾರಿವಾಳದ ದ್ವೀಪವೆಂದೇ ಕರೆದರು. ಬಿಳಿಹೊಟ್ಟೆಯ ಕಡಲಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ದ್ವೀಪದ ಸುತ್ತ ನೀರಿನಡಿಯಲ್ಲಿ ಹವಳಗಳೂ ಅವುಗಳನ್ನಾಶ್ರಯಿಸಿದ ಬಣ್ಣಬಣ್ಣದ ಮೀನುಗಳೂ ಇವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಜೀವಸಂಕುಲವನ್ನು ಕುರಿತು 2008ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು.

ನೇತ್ರಾಣಿಯ ಎದುರಿನ ಭಟ್ಕಳವು ಜೈನ ಇತಿಹಾಸಕ್ಕೆ ಅಪರಿಚಿತವಲ್ಲ. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವ ಅರಸರು ಜೈನಧರ್ಮೀಯರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಭಟ್ಕಳ, ಹೊನ್ನಾವರಗಳಿಂದ ಹೊರಟ ಹಡಗುಗಳು ಈ ಕಡಲಿನ ಮೇಲೆಯೇ ಸಾಗಿದವು. ಆ ಕಾಲದ ನಾವಿಕರಿಗೆ ನೇತ್ರಾಣಿಯು ದಾರಿಯ ಗುರುತಾಗಿದ್ದಿರಬೇಕು. ಅದರ ಬುಡದಲ್ಲಿ ಏನಿದೆಯೆಂದು ಅವರಿಗೆ ತಿಳಿದಿರಲಾರದು.

ತೀರದ ಮೀನುಗಾರರು ಈ ದ್ವೀಪವನ್ನು ದೈವಸ್ಥಾನವೆಂದು ಭಾವಿಸಿ ಪೂಜೆ ಸಲ್ಲಿಸುತ್ತ ಬಂದಿದ್ದಾರೆ. ಭಾರತೀಯ ನೌಕಾಪಡೆಯು ದ್ವೀಪವನ್ನು ಗುಂಡಿನ ಗುರಿಯಾಗಿ ಅಭ್ಯಾಸಕ್ಕೆ ಬಳಸಿದಾಗ ಮೀನುಗಾರರೂ ಪರಿಸರಾಸಕ್ತರೂ ವಿರೋಧವನ್ನು ವ್ಯಕ್ತಪಡಿಸಿದರು. ಇತ್ತೀಚಿನ ವರ್ಷಗಳಲ್ಲಿ ಉಸಿರಾಟದ ಸಲಕರಣೆ ಧರಿಸಿ ನೀರಿಗಿಳಿಯುವ ಸ್ಕೂಬಾ ಕ್ರೀಡೆಯಿಂದಾಗಿ ಬೆಂಗಳೂರು, ಹುಬ್ಬಳ್ಳಿಗಳಿಂದ ಜನರು ನೇತ್ರಾಣಿಗೆ ಬರುತ್ತಿದ್ದಾರೆ. ಹವಳವನ್ನು ಕಣ್ಣಾರೆ ಕಂಡವನಲ್ಲಿ ಅದರ ಬಗ್ಗೆ ಪ್ರೀತಿ ಮೂಡುವುದು ಸಹಜ. ಆದರೆ ದೋಣಿಯ ಲಂಗರನ್ನು ಹವಳದ ಮೇಲೆ ಎಸೆದರೆ, ನೀರಿನಲ್ಲಿ ಕಾಲಾಡಿಸುವವನು ಅದನ್ನು ತುಳಿದರೆ, ಹಲವು ವರ್ಷಗಳ ಬೆಳವಣಿಗೆಯು ಒಂದು ಕ್ಷಣದಲ್ಲಿ ಮುರಿಯುತ್ತದೆ.

ಕನ್ನಡ ಕರಾವಳಿಗೆ ಹವಳದೊಡನೆ ಇನ್ನೂ ನಿಕಟವಾದ ಚಾರಿತ್ರಿಕ ಸಂಬಂಧವೊಂದಿದೆ. ಅದನ್ನು ನಮ್ಮಲ್ಲಿ ಬಹುಮಂದಿ ಮರೆತಿದ್ದಾರೆ. ಇಂದಿನ ಲಕ್ಷದ್ವೀಪದ ಉತ್ತರ ಭಾಗದಲ್ಲಿರುವ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳಿಗೆ ಅಮಿನ್‌ದೀವಿ ದ್ವೀಪಗಳೆಂದು ಹೆಸರು. ಕಣ್ಣನೂರಿನ ಅರಸುಮನೆತನದ ಆಡಳಿತದಿಂದ ಬೇಸತ್ತ ದ್ವೀಪವಾಸಿಗಳು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. 1787ರಲ್ಲಿ ಈ ದ್ವೀಪಗಳು ಮೈಸೂರು ರಾಜ್ಯಕ್ಕೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಇಂಗ್ಲಿಷ್ ಕಂಪನಿಯ ವಶವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಕೊಂಡು, 1956ರ ನವೆಂಬರ್ 1ರವರೆಗೂ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಅವರು ಕಾಲೂರಿ ನಿಂತ ನೆಲವೆಲ್ಲ ಹವಳವೇ. ಹವಳದ ದಿಬ್ಬವೇ ಅಲೆಯ ಹೊಡೆತವನ್ನು ತಡೆಯುವ ಕೋಟೆ, ಹವಳದ ಮರಳಿನಡಿಯಲ್ಲಿ ನಿಂತ ಮಳೆನೀರೇ ಕುಡಿಯುವ ನೀರು. ದಿಬ್ಬ ಸತ್ತರೆ ದ್ವೀಪವು ಸವೆಯುತ್ತದೆ, ದ್ವೀಪವು ಸವೆದರೆ ಊರೇ ಇಲ್ಲ. ಹವಳದ ರಕ್ಷಣೆಯು ಅಲಂಕಾರದ ಪ್ರಶ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ದ್ವೀಪಗಳ ಹವಳವನ್ನು 1998ರಿಂದ ಎಡೆಬಿಡದೆ ಗಮನಿಸುತ್ತ ಬಂದವರಲ್ಲಿ, ಕಡಲಿನಿಂದ ದೂರವಿರುವ ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಪ್ರಮುಖರು. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಹವಳಗಳು ಬಿಳಿಚಿಕೊಂಡುವು. ಅಗತ್ತಿ, ಕಡ್ಮತ್, ಕವರತ್ತಿ ದ್ವೀಪಗಳಲ್ಲಿ 1998ರಲ್ಲಿ ದಿಬ್ಬದ ಸುಮಾರು ಶೇಕಡ 37 ಭಾಗವನ್ನು ಜೀವಂತ ಹವಳವು ಆವರಿಸಿತ್ತು. 2022ರ ವೇಳೆಗೆ ಅದು ಶೇಕಡ 20ಕ್ಕಿಂತ ಕೆಳಗಿಳಿಯಿತು. ಎರಡು ಆಘಾತಗಳ ನಡುವೆ ಕನಿಷ್ಠ ಆರು ವರ್ಷಗಳಷ್ಟಾದರೂ ಬಿಡುವು ದೊರೆತರೆ ಮಾತ್ರ ಹವಳವು ಸರಿಯಾಗಿ ಚೇತರಿಸಿಕೊಳ್ಳಬಲ್ಲದೆಂದು ಈ ಅಧ್ಯಯನವು ತಿಳಿಸುತ್ತದೆ. 2024ರಲ್ಲಿ ಮತ್ತೆ ಬಿಸಿಯ ಅಲೆ ಬಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಹವಳಬಿಳಿಚುವಿಕೆಯು ನಡೆದಿದೆಯೆಂದು ವಿಜ್ಞಾನಿಗಳು ಘೋಷಿಸಿದರು.

ಲಕ್ಷದ್ವೀಪದಿಂದಲೇ ಆಶಾದಾಯಕವಾದ ಪಾಠವೂ ಇದೆ. ಅಲ್ಲಿಯ ಬೆಸ್ತರು ಬಹುಕಾಲ ಗಾಳದ ಕೋಲಿನಿಂದ ಆಳಸಮುದ್ರದ ಟ್ಯೂನಾ ಮೀನನ್ನೇ ಹಿಡಿಯುತ್ತಿದ್ದುದರಿಂದ ದಿಬ್ಬದ ಮೀನುಗಳು ಉಳಿದವು. ಗಿಳಿಮೀನು ಮೊದಲಾದವು ಬಂಡೆಯ ಮೇಲಿನ ಹಾವಸೆಯನ್ನು ಮೇಯುತ್ತ ಎಳೆಯ ಹವಳಕ್ಕೆ ಜಾಗ ಮಾಡಿಕೊಡುತ್ತವೆ. ಹೊರಗಿನ ಮಾರುಕಟ್ಟೆಗೆಂದು ಆ ಮೀನುಗಳನ್ನೂ ಹಿಡಿಯತೊಡಗಿದರೆ ಹವಳದ ಚೇತರಿಕೆಯು ಕುಂಠಿತವಾಗುತ್ತದೆ. ನಗರದ ಹೋಟೆಲಿನ ತಟ್ಟೆಗೂ ದ್ವೀಪದ ದಿಬ್ಬಕ್ಕೂ ಇರುವ ಸಂಬಂಧ ಇಂಥದು.

ದೂರದವರು ಉಳಿಸಿದ ದಿಬ್ಬ

ದೂರದಲ್ಲಿರುವ ಸಾಮಾನ್ಯ ಜನರಿಂದ ಏನಾದೀತೆಂಬ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. ಆಸ್ಟ್ರೇಲಿಯದ ಮಹಾ ಹವಳದ ದಿಬ್ಬವು ಸುಮಾರು 2,300 ಕಿಲೋಮೀಟರ್ ಉದ್ದವಾಗಿದ್ದು ಜಗತ್ತಿನಲ್ಲಿಯೇ ದೊಡ್ಡದು. 1967ರಲ್ಲಿ ಕಬ್ಬು ಬೆಳೆಗಾರನೊಬ್ಬನು ಅದರ ಭಾಗವಾದ ಎಲಿಸನ್ ದಿಬ್ಬದಿಂದ ಸುಣ್ಣವನ್ನು ತೆಗೆದು ಗೊಬ್ಬರವಾಗಿ ಬಳಸಲು ಅನುಮತಿಯನ್ನು ಕೇಳಿದನು. ಆ ದಿಬ್ಬವು ಸತ್ತುಹೋಗಿದೆಯೆಂಬುದು ವಾದ. ಇದನ್ನು ವಿರೋಧಿಸಿ ನಿಂತವರಲ್ಲಿ ಮುಖ್ಯರು ಮೂವರು: ಚಿತ್ರಕಾರ ಜಾನ್ ಬಸ್ಟ್, ಕವಯಿತ್ರಿ ಜುಡಿತ್ ರೈಟ್, ಕಾಡುಗಳನ್ನು ಅಭ್ಯಸಿಸುತ್ತಿದ್ದ ಲೆನ್ ವೆಬ್. ಮೂವರಲ್ಲಿ ಯಾರೂ ಕಡಲಿನ ವಿಜ್ಞಾನಿಗಳಲ್ಲ. ಸ್ವಯಂಸೇವಕರಾದ ಯುವಕರು ನೀರಿಗಿಳಿದು ಪರೀಕ್ಷಿಸಿ, ಸತ್ತಿದೆಯೆಂದ ದಿಬ್ಬದಲ್ಲಿ ಜೀವ ತುಂಬಿದೆಯೆಂದು ವರದಿ ತಂದರು. ಅನುಮತಿ ನಿರಾಕೃತವಾಯಿತು. ಬಳಿಕ ಅದೇ ಕಡಲಿನಲ್ಲಿ ತೈಲಕ್ಕಾಗಿ ಕೊರೆಯುವ ಯೋಜನೆ ಬಂದಾಗ ಕಾರ್ಮಿಕ ಸಂಘಗಳು ಆ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ನಿಂತವು. 1975ರಲ್ಲಿ ದಿಬ್ಬದ ರಕ್ಷಣೆಗೆಂದು ಪ್ರತ್ಯೇಕ ಕಾನೂನು ಬಂದಿತು. 1981ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು.

ನಮ್ಮ ಗದಗ ಜಿಲ್ಲೆಯ ವಾಚಕರಿಗೆ ಈ ಕಥೆಯು ಪರಕೀಯವೆನಿಸಲಾರದು. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಾಗ, ಗದಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳ ನೇತೃತ್ವದಲ್ಲಿ ರೈತರು, ಬರಹಗಾರರು, ವಿದ್ಯಾರ್ಥಿಗಳು ಹೋರಾಡಿದರು. 2017ರಲ್ಲಿ ಘೋಷಣೆಯು ಮರುಸ್ಥಾಪಿತವಾಗಿ 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಗುಡ್ಡದಲ್ಲಿ ಏನೂ ಇಲ್ಲವೆಂದು ಹೇಳುವವರಿಗೆ ಇದೆಯೆಂದು ತೋರಿಸಿಕೊಡುವುದೇ ಎಲಿಸನ್ನಿನಲ್ಲಿಯೂ ಕಪ್ಪತಗುಡ್ಡದಲ್ಲಿಯೂ ನಡೆದ ಮೊದಲ ಕೆಲಸ.

ಭಾರತದಲ್ಲಿಯೂ ಹವಳದ ಸುಣ್ಣಕ್ಕೆ ಕರುಣಾಜನಕವಾದ ಇತಿಹಾಸವಿದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ತೂತುಕುಡಿಯ ಸುತ್ತ ದಶಕಗಳ ಕಾಲ ಹವಳವನ್ನು ಅಗೆದು ಸುಣ್ಣಕ್ಕೂ ಕಟ್ಟಡಕ್ಕೂ ಬಳಸಿದರು. ಅಲ್ಲಿಯ 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿಹೋದವು. 1986ರಲ್ಲಿಯೇ ಆ ಕೊಲ್ಲಿಯು ಸಾಗರ ರಾಷ್ಟ್ರೀಯ ಉದ್ಯಾನವಾಗಿದ್ದರೂ ಅಗೆತವು ನಿಂತುದು 2005ರ ಸುಮಾರಿಗೆ. 2004ರ ಸುನಾಮಿಯು ದಿಬ್ಬದ ಬೆಲೆಯನ್ನು ತೀರದವರಿಗೆ ತಿಳಿಸಿತ್ತು. ಈ ಮಧ್ಯೆ 2001ರಲ್ಲಿ ಭಾರತ ಸರ್ಕಾರವು ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಪಟ್ಟಿಗೆ, ಎಂದರೆ ಹುಲಿ ಆನೆಗಳ ಸಾಲಿಗೆ, ಸೇರಿಸಿತು. ನನ್ನ ಕಪಾಟಿನ ಬಿಳಿಯ ತುಂಡು ಅದೇ ಮನ್ನಾರ್ ಕೊಲ್ಲಿಯ ಕಡೆಯದೆಂದು ಈ ಲೇಖನಕ್ಕಾಗಿ ಓದುವಾಗ ನನಗೆ ಮನವರಿಕೆಯಾಯಿತು.

ನೀರು ಪೂರ್ವಕ್ಕೆ, ಹೊಗೆ ಎಲ್ಲ ಕಡೆಗೆ

ಬಾಳೆಹೊಸೂರಿನಲ್ಲಿ ಬಿದ್ದ ಮಳೆಯ ನೀರು ಹಳ್ಳಗಳಲ್ಲಿ ಹರಿದು ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ನೇತ್ರಾಣಿಗೆ ಹೋಗುವುದಿಲ್ಲ. ಹಾಗಾದರೆ ನಮಗೂ ಹವಳಕ್ಕೂ ಸಂಬಂಧವೆಲ್ಲಿಯದು? ನೀರಿಗೆ ಘಟ್ಟವು ಗಡಿಯಾಗಬಹುದು, ಹೊಗೆಗೆ ಗಡಿಯಿಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸಿದಾಗ ಏಳುವ ಇಂಗಾಲದ ಡೈಆಕ್ಸೈಡ್ ಅನಿಲವು ಇಡೀ ಭೂಮಿಯ ವಾಯುಮಂಡಲವನ್ನು ಬೆರೆಯುತ್ತದೆ. ಅದರಿಂದ ಹೆಚ್ಚಿದ ಉಷ್ಣತೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಸಮುದ್ರವೇ ನುಂಗಿದೆ. ಅನಿಲದಲ್ಲಿಯೂ ಕಾಲುಭಾಗದಷ್ಟನ್ನು ಹೀರಿಕೊಂಡು ಕಡಲಿನ ನೀರು ಆಮ್ಲತೆಯ ಕಡೆಗೆ ಸರಿಯುತ್ತಿದೆ. ಇದರಿಂದ ಹವಳಕ್ಕೆ ಸುಣ್ಣ ಕಟ್ಟುವುದು ಕಷ್ಟವಾಗುತ್ತದೆ. ಭೂಮಿಯ ಉಷ್ಣತೆಯು ಒಂದೂವರೆ ಡಿಗ್ರಿ ಏರಿದರೆ ಹವಳದ ದಿಬ್ಬಗಳಲ್ಲಿ ಶೇಕಡ 70ರಿಂದ 90 ಭಾಗ ನಶಿಸುವುದೆಂದೂ, ಎರಡು ಡಿಗ್ರಿಯಾದರೆ ಬಹುತೇಕ ಎಲ್ಲವೂ ಹೋಗುವುದೆಂದೂ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯು 2018ರಲ್ಲಿ ಎಚ್ಚರಿಸಿದೆ.

ಶ್ರಾವಕರ ಗುಣವ್ರತಗಳಲ್ಲಿ ದಿಗ್ವ್ರತವೆಂಬುದೊಂದು. ಇಂಥ ದಿಕ್ಕಿನಲ್ಲಿ ಇಷ್ಟು ದೂರಕ್ಕಿಂತ ಆಚೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವುದು ಅದರ ಸ್ವರೂಪ. ಎಲ್ಲೆಯಾಚೆಗಿನ ಜೀವಗಳಿಗಾದರೂ ತನ್ನಿಂದ ಬಾಧೆಯಾಗದಿರಲೆಂಬುದು ಆಶಯ. ಇಂದು ನಾವು ಊರು ಬಿಟ್ಟು ಕದಲದೆ ಕುಳಿತಿದ್ದರೂ ನಮ್ಮ ಮನೆಯ ದೀಪ, ಪಂಪುಸೆಟ್ಟು, ವಾಹನಗಳು ಎಲ್ಲ ದಿಕ್ಕುಗಳನ್ನೂ ದಾಟಿ ಹೋಗುತ್ತಿವೆ. ಕಾಲಿನ ಎಲ್ಲೆಯನ್ನು ಬಲ್ಲೆವು. ಹೊಗೆಯ ಎಲ್ಲೆಯನ್ನು ಇನ್ನೂ ಹಾಕಿಕೊಂಡಿಲ್ಲ. ಅಂತೆಯೇ ಅನರ್ಥದಂಡವಿರತಿಯಲ್ಲಿ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಪ್ರಮಾದಚರ್ಯೆಯೆಂದು ಆಚಾರ್ಯರು ವಿವರಿಸಿದ್ದಾರೆ. ಈ ವ್ರತಕ್ಕೆ ಹೊಸ ಅರ್ಥವನ್ನು ಕಟ್ಟಬೇಕಾಗಿಲ್ಲ. ಇದ್ದ ಅರ್ಥದಲ್ಲಿಯೇ ಆಚರಿಸಿದರೆ ಸಾಕು.

ಹಿಂಸೆಯನ್ನು ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಮೂರು ಬಗೆಯಾಗಿ ವಿಭಾಗಿಸುವುದು ನಮ್ಮ ಪದ್ಧತಿ. ದೂರದವರ ಹೊಣೆಯನ್ನು ಇದೇ ಕ್ರಮದಲ್ಲಿ ನೋಡಬಹುದು.

ಮೊದಲನೆಯದು, ತಾನು ಮಾಡದಿರುವುದು. ಮುರ್ಡೇಶ್ವರಕ್ಕೋ ರಾಮೇಶ್ವರಕ್ಕೋ ಅಂಡಮಾನಿಗೋ ಹೋದವರು ಹವಳವನ್ನು ತುಳಿಯಬಾರದು, ಮುಟ್ಟಬಾರದು, ಒಂದು ತುಣುಕನ್ನೂ ತರಬಾರದು. ದೋಣಿಯವರು ಲಂಗರನ್ನು ಎಲ್ಲಿ ಬಿಡುವರೆಂದು ಕೇಳುವುದು ಪ್ರವಾಸಿಯ ಹಕ್ಕು. ಮೈಗೆ ಹಚ್ಚುವ ಕೆಲವು ಬಿಸಿಲುನಿರೋಧಕ ಲೇಪಗಳು ಹವಳಕ್ಕೆ ಹಾನಿಕರವೆಂದು ಪಲಾವ್ ಎಂಬ ಪುಟ್ಟ ದ್ವೀಪರಾಷ್ಟ್ರವು 2020ರ ಜನವರಿಯಿಂದ ಅವುಗಳನ್ನು ನಿಷೇಧಿಸಿದೆ. ಹೊಲದಲ್ಲಿಯೂ ಮಾಡಬಹುದಾದ ಕೆಲಸವಿದೆ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಯೂರಿಯಾ ಹಾಕಿದಾಗ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್ ಅನಿಲವು ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಉಳಿದ ಗೊಬ್ಬರವು ಹಳ್ಳ ನದಿಗಳ ಮೂಲಕ ಕಡಲಿಗಿಳಿದು ಪಾಚಿಯನ್ನು ಬೆಳೆಸುತ್ತದೆ. ಮಣ್ಣನ್ನು ಪರೀಕ್ಷಿಸಿ ಅಳತೆಯಿಂದ ಹಾಕುವುದು, ಬದುಗಳನ್ನು ಕಟ್ಟಿ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು, ಇವು ರೈತನಿಗೂ ಲಾಭ, ಸಾಗರಕ್ಕೂ ಹಿತ.

ಎರಡನೆಯದು, ಇತರರಿಂದ ಮಾಡಿಸದಿರುವುದು. ಹವಳದ ಅಲಂಕಾರವಸ್ತು, ಚಿಪ್ಪಿನ ಗೊಂಬೆ, ಗಾಜಿನ ತೊಟ್ಟಿಯಲ್ಲಿಡಲು ಕಡಲಿನ ದಿಬ್ಬದಿಂದ ಹಿಡಿದು ತಂದ ಮೀನು, ಇವುಗಳನ್ನು ಕೊಳ್ಳುವವನಿಲ್ಲದಿದ್ದರೆ ಕೀಳುವವನೂ ಇರುವುದಿಲ್ಲ. ಹವಳದ ಭಸ್ಮವನ್ನು ಔಷಧವಾಗಿ ಸೇವಿಸುವವರು, ಅದೇ ಗುಣಕ್ಕೆ ಬೇರೆ ಔಷಧವುಂಟೆ ಎಂದು ವೈದ್ಯರಲ್ಲಿ ವಿಚಾರಿಸುವುದು ಯೋಗ್ಯ. ವೈದ್ಯರ ಸಲಹೆಯಿಲ್ಲದೆ ಔಷಧವನ್ನು ತಾವೇ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ.

ಮೂರನೆಯದು, ಅನುಮೋದಿಸದಿರುವುದು. ಮೌನವೂ ಕೆಲವೊಮ್ಮೆ ಅನುಮೋದನೆಯೇ. ಕರಾವಳಿಯಲ್ಲಿ ಬಂದರು, ಗಣಿ, ರೆಸಾರ್ಟುಗಳ ಯೋಜನೆ ಬಂದಾಗ ಕಾನೂನಿನಂತೆ ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಲಾಗುತ್ತದೆ. ತೀರದವರಷ್ಟೇ ಅಲ್ಲ, ಒಳನಾಡಿನವರೂ ಲಿಖಿತವಾಗಿ ತಮ್ಮ ಮಾತನ್ನು ಸಲ್ಲಿಸಬಹುದು. ವಿದೇಶಗಳಲ್ಲಿ ನೆಲೆಸಿರುವ ನಮ್ಮವರು ಅಲ್ಲಿಯ ಪ್ರಜೆಗಳಾಗಿ ಇನ್ನೂ ಹೆಚ್ಚಿನದನ್ನು ಮಾಡಬಲ್ಲರು. ಏಕೆಂದರೆ ತಲೆಗೆ ಲೆಕ್ಕ ಹಾಕಿದರೆ ಆ ದೇಶಗಳ ಹೊಗೆಯೇ ಅಧಿಕ. 1994ರಲ್ಲಿ ಎಂಟು ರಾಷ್ಟ್ರಗಳು ಸೇರಿ ಹವಳದ ರಕ್ಷಣೆಗೆ ಅಂತಾರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದವು. ಆದರೆ ಸರ್ಕಾರಗಳ ಒಕ್ಕೂಟವು ಚಲಿಸುವುದು ಪ್ರಜೆಗಳು ಕೇಳಿದಾಗ ಮಾತ್ರ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಜಗತ್ತಿನ ದೊಡ್ಡ ಕಾರ್ಖಾನೆಗಳು ಹೊಗೆಯುಗುಳುತ್ತಿರುವಾಗ ಒಂದು ಹಳ್ಳಿಯ ಮನೆಯು ದೀಪವಾರಿಸಿದರೆ ಹವಳ ಉಳಿದೀತೆ? ಉಳಿಯದು. ಇದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ವಿರುದ್ಧ. ಒಂದೆಡೆ ಲಂಗರು, ಬಲೆ, ಗೊಬ್ಬರಗಳ ಬಾಧೆ ಕಡಿಮೆಯಾದರೆ ಬಿಸಿಯ ಆಘಾತದಿಂದ ಚೇತರಿಸಿಕೊಳ್ಳಲು ಹವಳಕ್ಕೆ ಕಾಲಾವಕಾಶ ದೊರೆಯುತ್ತದೆ; ಆದರೆ ಬಿಸಿಯೇ ತಗ್ಗದಿದ್ದರೆ ಆ ಅವಕಾಶವೂ ಮುಗಿಯುತ್ತದೆ. ಎರಡೂ ಬೇಕು. ಸೋಸಿದ ನೀರನ್ನು ಕುಡಿಯುವ ಶ್ರಾವಕನು ಜಗತ್ತಿನ ಎಲ್ಲ ಸೂಕ್ಷ್ಮಜೀವಿಗಳೂ ಉಳಿದವೆಂದು ಭಾವಿಸಿ ಸೋಸುವುದಿಲ್ಲ. ತನ್ನ ಕೈಯಿಂದ ಆಗಬಹುದಾದ ಹಿಂಸೆಯನ್ನು ತಪ್ಪಿಸಲು ಸೋಸುತ್ತಾನೆ. ಅದೇ ಶ್ರಾವಕನು ನಾಲ್ಕು ಜನರನ್ನು ಕೂಡಿಸಿಕೊಂಡರೆ ಎಲಿಸನ್ ದಿಬ್ಬದಂತೆ, ಕಪ್ಪತಗುಡ್ಡದಂತೆ ಕಾನೂನೂ ಬದಲಾಗುತ್ತದೆ.

ಮಾಗಡಿಯ ಅತಿಥಿಗಳು

ನಮ್ಮ ಊರಿಗೆ ದೂರವಲ್ಲದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ ಕಡೆಯ ಪ್ರಸ್ಥಭೂಮಿಗಳಲ್ಲಿ ಹುಟ್ಟಿ, ಹಿಮಾಲಯವನ್ನು ದಾಟಿ ಬರುವ ಪಕ್ಷಿಗಳಿವು. ಸುತ್ತಲಿನ ಹೊಲಗಳಲ್ಲಿ ಅವು ಮೇಯುತ್ತವೆ. ರೈತರಿಗೆ ಒಂದಿಷ್ಟು ನಷ್ಟವಾದರೂ ಅವನ್ನು ಕೊಲ್ಲದೆ ಅತಿಥಿಗಳಂತೆ ಕಂಡಿದ್ದಾರೆ. 2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಮಂಗೋಲಿಯದ ಜನರು ಮಾಗಡಿಯ ರೈತನ ಹೆಸರನ್ನು ಕೇಳಿಲ್ಲ. ಆದರೂ ಅವರ ನಾಡಿನ ಹಕ್ಕಿಯು ಮತ್ತೆ ಅವರ ಸರೋವರಕ್ಕೆ ಹಿಂದಿರುಗುವುದು ಈ ರೈತನ ಸಹನೆಯಿಂದ.

ಹವಳದ ವಿಷಯದಲ್ಲಿ ಈಗ ನಮ್ಮ ಸರದಿ. ಕಡ್ಮತ್ ದ್ವೀಪದ ಬೆಸ್ತನು ಬಾಳೆಹೊಸೂರಿನ ಹೆಸರನ್ನು ಕೇಳಿರಲಾರನು. ಅವನ ಮನೆಯ ಮುಂದಿನ ದಿಬ್ಬವು ಉಳಿಯುವುದರಲ್ಲಿ ನಮ್ಮದೂ ಒಂದು ಪಾಲಿದೆ.

ಮೊಮ್ಮಗಳ ವಿವಾಹವು ನೆರವೇರಿತು. ತಾಯಿಯವರ ಸರಕ್ಕೆ ಹೊಸ ಹವಳವನ್ನು ಕೊಳ್ಳಲಿಲ್ಲ. ಇದ್ದ ಮಣಿಗಳ ನಡುವೆ ಚಿನ್ನದ ಗುಂಡುಗಳನ್ನು ಪೋಣಿಸಿ ಕೊಡಿರೆಂದು ಅಕ್ಕಸಾಲಿಗರಿಗೆ ಹೇಳಿದೆವು. ಹಾಗೆ ಪೋಣಿಸಿದ ಸರದಲ್ಲಿ ಕಳೆದ ಮಣಿಗಳ ಜಾಗವು ಎದ್ದು ಕಾಣುತ್ತದೆ; ಕಾಣಲೆಂದೇ ಮೊಮ್ಮಗಳು ಬಯಸಿದಳು. ಬಿಳಿಯ ತುಂಡನ್ನು ಮತ್ತೆ ಕಡಲಿಗೆ ಹಾಕಿದರೆ ಅದು ಜೀವ ಪಡೆಯುವುದಿಲ್ಲ. ಕಾನೂನಿನ ಮಾತನ್ನು ಅರಿತ ಮೇಲೆ ಅದನ್ನು ಮನೆಯಲ್ಲಿ ಅಲಂಕಾರವಾಗಿ ಇಟ್ಟುಕೊಳ್ಳುವುದೂ ಸಲ್ಲದು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ, ತಂದವನು ನಾನೇ ಎಂದು ಬರೆದುಕೊಡುವುದೆಂದು ನಿಶ್ಚಯಿಸಿದ್ದೇನೆ. ಪ್ರತಿಕ್ರಮಣವೆಂದರೆ ಆದ ತಪ್ಪನ್ನು ನೆನೆದು ಹಿಂದಿರುಗುವುದು. ವಾಚಕರ ಮನೆಗಳಲ್ಲಿಯೂ ಇಂಥ ಬಿಳಿಯ ಕಲ್ಲುಗಳಿರಬಹುದು. ಒಮ್ಮೆ ಕಪಾಟನ್ನು ತೆರೆದು ನೋಡಬೇಕೆಂದು ವಿನಂತಿ.